ಒಂಬತ್ತನೇ ಹೊಡೆತಕ್ಕೆ ಕಿತ್ತುಬಂದ ಲೇಪ

ಎಲ್ಲಿಂದ ಶುರು ಮಾಡಲಿ? ಸ್ಫೋಟದಿಂದ, ಎಂದು ಮೊದಲ ಕರಡು. ಹರಿದು ಹಾಕಿದೆ. ಸ್ಫೋಟವೇ ಆಗಿರಲಿಲ್ಲ; ಆದದ್ದು ಉಗುರಗಲ ಲೇಪ ಕಿತ್ತುಬಂದದ್ದು, ಅಷ್ಟೇ.

೧. ಮಗಳು ಪ್ರಯೋಗಾಲಯದಲ್ಲಿ ಪರೀಕ್ಷೆಯ ಎಂಜಿನಿಯರ್. ಅಪ್ಪ ಅಲ್ಲೇ ಹಿಂದಿನ ಶೆಡ್ಡಿನಲ್ಲಿ ಕೆಲಸಗಾರ. ಎಲ್ಲರ ಬಾಯಲ್ಲಿ 'ಲೇಪದಣ್ಣ'. ಅಲ್ಲಿನ ಯಂತ್ರ ವಿದ್ಯುತ್ಕಾಂತೀಯ ಲಾಂಚರ್. ಅದರಲ್ಲಿ ಸಿಡಿಮದ್ದಿಲ್ಲ. ಎರಡು ತಾಮ್ರದ ಹಳಿ, ನಡುವೆ ಒಂದು ಲೋಹದ ತುಂಡು. ಭಾರೀ ಕರೆಂಟು ಹರಿಸಿದರೆ ತುಂಡು ಕಣ್ಣು ಮಿಟುಕಿಸುವುದರೊಳಗೆ ಹಾರಿಹೋಗುತ್ತದೆ; ಹಾಗೆ ಹಾರಿದ್ದು ಒಂದು 'ಹೊಡೆತ'. ಹೋಗುವಾಗ ಬಿಸಿಗೂ ಉಜ್ಜಾಟಕ್ಕೂ ಹಳಿಯ ಮೈ ಸುಲಿಯುತ್ತದೆ. ಸುಲಿಯದಿರಲೆಂದು ಅಪ್ಪ ಸ್ಪ್ರೇ ಗನ್ ಹಿಡಿದು, ಗಡಸು ಲೋಹವನ್ನು ಕರಗಿಸಿ ಹಳಿಯ ಮೇಲೆ ಕೂದಲೆಳೆಯ ದಪ್ಪಕ್ಕೆ ಸಿಂಪಡಿಸುತ್ತಿದ್ದ. ದಪ್ಪವಾದರೆ ಕರೆಂಟಿಗೆ ಅಡ್ಡಿ, ವೇಗ ಇಳಿಯುತ್ತದೆ. ತೆಳ್ಳಗಾದರೆ ಲೇಪವೇ ನಿಲ್ಲುವುದಿಲ್ಲ. ಆ ಹದ ಕೈಗೆ ಹತ್ತಲು ಅವನಿಗೆ ಇಪ್ಪತ್ತು ವರ್ಷ ಹಿಡಿದಿತ್ತು.

(ಪಾಠ ಮುಗಿಯಿತು. ಆಕಳಿಸಲು ಹೋದವರು ವಾಪಸ್ ಬನ್ನಿ.)

೨. ನಲವತ್ತು ಹೊಡೆತ ತಾಳಬೇಕಿದ್ದ ಹಳಿಯ ಲೇಪ ಒಂಬತ್ತಕ್ಕೇ ಕಿತ್ತುಬಂತು. ಮಗಳು ದಪ್ಪ ಅಳೆದಳು. ಒಂದು ಕಡೆ ಹೆಚ್ಚು, ಪಕ್ಕದಲ್ಲೇ ಕಡಿಮೆ, ಮತ್ತೆ ಹೆಚ್ಚು. ನಡುಗುವ ಕೈಯ ಗುರುತು. ಒಂದು ಸಲಕ್ಕೇ ಗೊತ್ತಾಗಿತ್ತು; ಆದರೂ ಮೂರು ಸಲ ಅಳೆದಳು.

ಮೇಲಧಿಕಾರಿಗೆ ವರದಿಯಲ್ಲಿ ಕಾರಣ ಬೇಕಿತ್ತು. ಸಿಂಪಡಿಸುವ ವಿಧಾನವೇ ಸರಿಯಿಲ್ಲ ಎಂದು ಬರೆದರೆ ಅಪ್ಪನ ಮಾನ ಉಳಿಯುತ್ತದೆ, ಅವನ ಇಪ್ಪತ್ತು ವರ್ಷ ಕಸಕ್ಕೆ ಹೋಗುತ್ತದೆ. ಕೈ ತಪ್ಪಿತು ಎಂದು ಬರೆದರೆ ವಿಧಾನ ಉಳಿಯುತ್ತದೆ, ಅಪ್ಪ ಶೆಡ್ಡಿನಿಂದ ಹೊರಗೆ.

೩. ಇಲ್ಲಿ ನಾನೊಂದು ಅಂತ್ಯ ಬರೆದಿದ್ದೆ: ಅಳತೆಯ ಯಂತ್ರವೇ ಕೆಟ್ಟಿತ್ತು. ಮಗಳು ಓದಿ, ಯಂತ್ರ ಸರಿಯಾಗೇ ಇದೆ, ಬೇಕಾದರೆ ನೀವೇ ಬಂದು ನೋಡಿ ಎಂದಳು. ಇನ್ನೊಂದರಲ್ಲಿ ಅವಳು ಗುಟ್ಟಾಗಿ ಅಂಕಿ ತಿದ್ದುತ್ತಾಳೆ. ಅದನ್ನು ಅವಳು ಪೂರ್ತಿ ಓದಲೂ ಇಲ್ಲ. (ಪಾತ್ರಗಳಿಗೆ ಇಷ್ಟು ಸದರ ಕೊಡಬಾರದಿತ್ತು.)

೫. (ನಾಲ್ಕನೆಯದು ಬರೀ ಕಣ್ಣೀರು. ತೆಗೆದೆ.) ಅವಳು ಶೆಡ್ಡಿಗೆ ಹೋಗಿ ಅಂಕಿಗಳ ಹಾಳೆಯನ್ನು ಅಪ್ಪನ ಮುಂದಿಟ್ಟಳು. ಅವನು ಒಂದೊಂದೇ ಅಂಕಿಯ ಮೇಲೆ ಬೆರಳಿಟ್ಟು ಕೊನೆಯವರೆಗೂ ಓದಿದ.

"ಕೈ ನಡುಗಿತು ಅಂತ ಬರಿ," ಅಂದ.

"ಸ್ವಲ್ಪ ನಡುಗಿತು ಅಂತ ಬರೀತೀನಪ್ಪ."

"ಸ್ವಲ್ಪ ನಡುಗಿದ್ರೆ ಒಂಬತ್ತಕ್ಕೆ ಕಿತ್ಕೊಂಡು ಬರ್ತಿತ್ತಾ? ವಿಧಾನದಲ್ಲಿ ತಪ್ಪಿಲ್ಲ ಅಂತ ಮೊದಲನೇ ಸಾಲಲ್ಲೇ ಹಾಕು. ಅಮ್ಮಂಗೆ ನಾನೇ ಹೇಳ್ಕೋತೀನಿ."

ಅವಳು ಅಲ್ಲೇ ನಿಂತು ಬರೆದಳು. ಅಪ್ಪ ಓದಿ, ತಲೆಯಾಡಿಸಿ, ಬೆನ್ನು ತಿರುಗಿಸಿ ನಿಂತ. ಏಪ್ರನ್ನಿನ ಗಂಟು ಅವನ ಬೆರಳಿಗೆ ಬಗ್ಗುತ್ತಿರಲಿಲ್ಲ. ಇಷ್ಟು ದಿನ ಯಾರು ಬಿಚ್ಚಿಕೊಡುತ್ತಿದ್ದರೋ, ಅವಳು ಕೇಳಲಿಲ್ಲ.

ಬೇರೆಯವರು ಲೇಪಿಸಿದ ಮುಂದಿನ ಜೋಡಿ ಹಳಿ ನಲವತ್ತು ಹೊಡೆತ ತಾಳಿತೇ ಎಂದು ನೀವು ಕೇಳುತ್ತೀರಿ. ಬರೆಯಲು ಕುಳಿತೆ, ಮಗಳು ಈಗ ಬೇಡ ಎಂದಳು. ಹಾಗಾಗಿ ಕಥೆ ಶೆಡ್ಡಿನಲ್ಲೇ ನಿಂತಿದೆ: ಅವಳು ಗಂಟು ಬಿಚ್ಚಿಯಾಗಿದೆ, ಏಪ್ರನ್ ಅವಳ ಕೈಯಲ್ಲಿದೆ, ಅದನ್ನು ಎಲ್ಲಿ ನೇತುಹಾಕುವುದೆಂದು ಇಬ್ಬರಿಗೂ ತಿಳಿಯುತ್ತಿಲ್ಲ.