ಬಸವಯ್ಯ ಮೇಷ್ಟ್ರ ಹೋಂವರ್ಕು

ಕುರ್ಚಿ ಸಂದಿಯ ತಿರುವಿನಲ್ಲಿ ಸಿಕ್ಕಿಕೊಂಡಿತು. ಮುಂದೆ ಹಿಡಿದಿದ್ದ ಪಕ್ಕದ ಮನೆಯ ದೇವರಾಜು ಎಡಕ್ಕೆ ಎಳೆದ, ಹಿಂದೆ ಹಿಡಿದಿದ್ದ ರಂಗನಾಯಕ ಮೇಷ್ಟ್ರು ಬಲಕ್ಕೆ ನೂಕಿದರು. ಕುರ್ಚಿಯಲ್ಲಿ ಕಟ್ಟಿ ಕೂರಿಸಿದ್ದ ಬಸವಯ್ಯನ ಮಂಡಿ ಗೋಡೆಗೆ ಉಜ್ಜಿ, ಆಗಷ್ಟೇ ಬಳಿದಿದ್ದ ವಿಭೂತಿ ಉದುರಿತು.

"ಮ್ಯಾಕೆತ್ತಿ ಸಾ, ಮ್ಯಾಕೆ."

"ಮ್ಯಾಕೆತ್ತಿದ್ರೆ ತಲೆ ಸಜ್ಜಕ್ಕೆ ಬಡೀತದೆ ಕಣಯ್ಯ."

"ಅಂಗಾರೆ ಓರೆ ಮಾಡಿ."

"ಓರೆ ಮಾಡಕ್ಕೆ ಇದೇನು ಬೀರುನಾ?"

ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕು, ನಕ್ಕಿದ್ದನ್ನು ಕೆಮ್ಮಿ ಮುಚ್ಚಿಕೊಂಡರು. ಅಡಿಗೆಮನೆ ಬಾಗಿಲಲ್ಲಿ ನಿಂತಿದ್ದ ಚನ್ನಬಸಮ್ಮನಿಗೆ ಅದು ಕೇಳಿಸಿತು. ಗಂಡ ಬದುಕಿದ್ದರೆ ಅವನೂ ನಗುತ್ತಿದ್ದ ಎಂದುಕೊಂಡಳು. ಅದಕ್ಕೂ ಅವಳಿಗೆ ಸಿಟ್ಟು ಬಂತು.

ಅವರ ಜನದಲ್ಲಿ ಸತ್ತವರನ್ನು ಕೂರಿಸಿಯೇ ಹೊರುವುದು, ಕೂರಿಸಿಯೇ ಮಣ್ಣು ಮಾಡುವುದು. ಬಿದಿರಿನ ವಿಮಾನ ಬಾಳೆಕಂದು, ಹೂವು ಕಟ್ಟಿಸಿಕೊಂಡು ಬೀದಿಯಲ್ಲಿ ಕಾಯುತ್ತಿತ್ತು. ಅಲ್ಲಿಯವರೆಗೆ ಕುರ್ಚಿಯಲ್ಲಿ ಒಯ್ದರಾಯಿತು ಎಂದು ದೇವರಾಜುವೇ ಹೇಳಿದ್ದ. ಆದರೆ ಹೆಣ ಹಿಂದಿನ ಸಂಜೆಯಿಂದ ಪದ್ಮಾಸನದಲ್ಲಿ ಕೂತು ಸೆಟೆದುಹೋಗಿತ್ತು. ಒಬ್ಬರು ಓಡಾಡುವ ಸಂದಿಯೊಳಗೆ ಅಗಲಿಸಿದ ಎರಡು ಮಂಡಿ ಹಿಡಿಸುವುದೆಲ್ಲಿ? ಮಲಗಿಸಿ ಒಯ್ಯೋಣವೆಂದರೂ ಕಾಲು ಬಿಡಿಸುವಂತಿರಲಿಲ್ಲ.

"ಇಂದಕ್ಕೆ ತನ್ನಿ" ಎಂದರು ಮಠದಿಂದ ಬಂದಿದ್ದ ಮಹದೇವಯ್ಯನವರು.

"ಬುದ್ಧಿ, ಒಂಟ ಹೆಣ ವಾಪಸ್ ಬರಬಾರ್ದಲ್ಲ?" ಎಂದಳು ಒಬ್ಬ ಮುದುಕಿ.

"ಅಲ್ಲೇ ನಿಲ್ಸಕ್ಕಾಯ್ತದೇನವ್ವಾ? ಹೊತ್ತು ಮುಳುಗೋದ್ರೊಳಗೆ ಗುಣಿಗೆ ಇಳಿಸ್ಬೇಕು. ತನ್ನಿ."

ಬಸವಯ್ಯ ಹೋದಷ್ಟೇ ಕಷ್ಟದಲ್ಲಿ ವಾಪಸ್ ಬಂದ. ಅಂಗಳದ ಗೋಡೆಯಾಚೆ ಯಾರೋ ಗಂಟಲು ಸರಿಮಾಡಿಕೊಂಡರು. ಅದು ಬಾವ ಶಂಭುಲಿಂಗಪ್ಪನ ಗಂಟಲೆಂದು ಚನ್ನಬಸಮ್ಮನಿಗೆ ನೋಡದೆಯೇ ಗೊತ್ತು. ಈ ಹನ್ನೊಂದು ವರ್ಷದಲ್ಲಿ ಆ ಮನೆಯನ್ನು ಅವಳು ಕಿವಿಯಿಂದಲೇ ಬಲ್ಲಳು.

* * *

ತೊಂಬತ್ತೈದನೇ ಇಸವಿಯಲ್ಲಿ ಗೋಡೆ ಇರಲಿಲ್ಲ. ಅಣ್ಣನದು ಮುಂದೆ ದಿನಸಿ ಅಂಗಡಿ, ತಮ್ಮ ನಂಜನಗೂಡಿನಲ್ಲೇ ಪ್ರೈಮರಿ ಶಾಲೆಗೆ ಡ್ರಾಯಿಂಗ್ ಮೇಷ್ಟ್ರು. ಡ್ರಾಯಿಂಗಿಗೆ ಹೋಂವರ್ಕು ಕೊಡುತ್ತಿದ್ದವನು ತಾಲ್ಲೂಕಿಗೆಲ್ಲ ಅವನೊಬ್ಬನೇ. ಬಣ್ಣದ ಡಬ್ಬಿ ಇಲ್ಲವೆಂದು ಮಕ್ಕಳು ಹೇಳುವ ಹಾಗಿಲ್ಲ. ಹಳದಿಗೆ ಅರಿಶಿನ, ಕೆಂಪಿಗೆ ಕುಂಕುಮ, ನೀಲಿಗೆ ಬಟ್ಟೆಗೆ ಹಾಕುವ ನೀಲಿ, ಹಸಿರಿಗೆ ಅವರೆ ಸೊಪ್ಪು, ಕಪ್ಪಿಗೆ ಒಲೆಯ ಇದ್ದಿಲು. ತಾಯಂದಿರು ಶಾಲೆಯ ಗೇಟಿಗೆ ಬಂದು ಬಯ್ಯುತ್ತಿದ್ದರು.

"ಕುಂಕುಮದ ಭರಣಿ ಬರಿದಾಯ್ತು ಮೇಷ್ಟ್ರೇ. ನಿಮ್ಮನೇಲಿ ಹೆಂಗಸ್ರಿಲ್ವಾ?"

"ಅವ್ರೂ ಬಯ್ತಾರೆ ಕಣಮ್ಮ" ಎನ್ನುತ್ತಿದ್ದ ಬಸವಯ್ಯ.

ಆ ವಾರ ಮೂರನೇ ಕ್ಲಾಸಿಗೆ ಕೊಟ್ಟದ್ದು ಇಷ್ಟು: ಮನೆಯಲ್ಲಿರುವ ಒಂದು ವಸ್ತು. ದಿನಾ ನೋಡುವ ಕಡೆಯಿಂದ ಬೇಡ. ನೆಲದ ಮೇಲೆ ಮಲಗಿ, ಅಡಿಯಿಂದ ನೋಡಿ ಬರೆದುಕೊಂಡು ಬನ್ನಿ. ಒಬ್ಬ ಎಮ್ಮೆಯ ಹೊಟ್ಟೆ ಬರೆದು ತಂದ. ಒಬ್ಬಳು ಅಜ್ಜಿ ಮಲಗಿದ್ದ ಮಂಚದ ಹಗ್ಗ ಬರೆದಳು. ಶಂಭುಲಿಂಗಪ್ಪನ ಮಗ ನಂಜೇಶ ಅಂಗಡಿಯ ತಕ್ಕಡಿಯ ಕೆಳಗೆ ಮಲಗಿ, ಮೂರು ಸರಪಳಿ, ದುಂಡು ತಟ್ಟೆ, ತಟ್ಟೆಯ ಅಡಿಯಲ್ಲಿ ಅಂಟಿಕೊಂಡ ಒಂದು ಉಂಡೆ, ಎಲ್ಲವನ್ನೂ ನೆರಳು ಸಮೇತ ಬರೆದ. ಬಸವಯ್ಯ ಭೇಷ್ ಎಂದು ಬೆನ್ನು ತಟ್ಟಿ ಅದನ್ನು ಶಾಲೆಯ ಬಾಗಿಲ ಪಕ್ಕದಲ್ಲೇ ಅಂಟಿಸಿದ.

ಸರಸ್ವತಿ ಪೂಜೆಯ ದಿನ ಚಿತ್ರ ನೋಡಲು ತಾಯಂದಿರೆಲ್ಲ ಬಂದರು. ಒಬ್ಬಳು ಕೇಳಿದಳು, "ಇದೇನ್ ಮಗಾ, ಗುಂಡುಗದೆ?"

"ಹುಣ್ಸೆಣ್ಣು" ಎಂದ ನಂಜೇಶ, ಪಾಠ ಒಪ್ಪಿಸುವ ದನಿಯಲ್ಲಿ. "ಅಪ್ಪ ಬೆಳಿಗ್ಗೆ ಬಾಗಿಲು ತೆಗೆದೇಟ್ಗೆ ಅಂಟುಸ್ತದೆ."

ಅಂದಿನಿಂದ ಅಂಗಡಿಗೆ ಬಂದವರು ಸಾಮಾನು ಹೇಳುವ ಮೊದಲು ತಟ್ಟೆ ಮಗುಚಿ ಅಡಿ ನೋಡತೊಡಗಿದರು. ಏನೂ ಇಲ್ಲದಿದ್ದರೂ ಇನ್ನೊಮ್ಮೆ ಮಗುಚಿ ನೋಡುವರು. ಶಂಭಣ್ಣ ಹುಣಸೆಹಣ್ಣು ಶಂಭಣ್ಣನಾದ. ಅವನು ಮಗನಿಗೆ ಬೆನ್ನು ಬಾಸುಂಡೆ ಬರುವಂತೆ ಹೊಡೆದು, ಪೆನ್ಸಿಲುಗಳನ್ನೆಲ್ಲ ಒಲೆಗೆ ಹಾಕಿದ. ಪಾಲು ಕೇಳಿದ. ದೊಡ್ಡ ಬಾಗಿಲು ತನಗೆ, ಸಂದಿ ತಮ್ಮನಿಗೆ. ಅಂಗಳದ ನಟ್ಟನಡುವೆ ಗೋಡೆ ಎಬ್ಬಿಸಿ, ತನ್ನ ಕಡೆಗೆ ಶೀಟು ಹೊದಿಸಿ ಮೂಟೆ ಪೇರಿಸಿದ. ಯಾರ್ಯಾರನ್ನೋ ಹಿಡಿದು ತಮ್ಮನನ್ನು ತಿರುಮಕೂಡಲಿಗೆ ವರ್ಗ ಮಾಡಿಸಿದ.

"ತಟ್ಟೆ ಅಡೀಲಿ ಹುಣ್ಸೆಣ್ಣು ನಿಮ್ಗೆ ಕಾಣ್ಲಿಲ್ವಾ?" ಎಂದು ಚನ್ನಬಸಮ್ಮ ಎಷ್ಟೋ ಸಲ ಕೇಳಿದ್ದಳು.

"ನೆರಳು ಎಷ್ಟು ಚೆನ್ನಾಗಿ ಹಾಕಿದ್ದ ಗೊತ್ತಾ" ಎನ್ನುತ್ತಿದ್ದ ಬಸವಯ್ಯ. ಅವನಿಗೆ ನಿಜವಾಗಿಯೂ ಕಾಣಲಿಲ್ಲವೋ, ಕಂಡೂ ಅಂಟಿಸಿದನೋ, ಅವಳಿಗೆ ಕೊನೆಗೂ ಬಗೆಹರಿಯಲಿಲ್ಲ.

* * *

ಚನ್ನಬಸಮ್ಮ ಸೆರಗು ಬಿಗಿದು ಸಂದಿ ದಾಟಿ, ಬೀದಿ ಸುತ್ತಿ, ದೊಡ್ಡ ಬಾಗಿಲಿಗೆ ಬಂದಳು. ಹಿಂದೆ ಮಗಳು ನಯನ, ಅವಳ ಹಿಂದೆ ದೇವರಾಜು, ಅವನ ಹಿಂದೆ ಸಾವಿಗೆ ಬಂದವರೆಲ್ಲ. ಶಂಭುಲಿಂಗಪ್ಪ ಜಗಲಿಯ ಮೇಲೆ ಕೂತು ಎಲೆಗೆ ಸುಣ್ಣ ಸವರುತ್ತಿದ್ದ. ಮಗ ನಂಜೇಶ ಹೊಸ್ತಿಲಲ್ಲಿ ನಿಂತಿದ್ದ.

"ಬಾವ, ಗೋಡೆ ಒಂದಾಳುದ್ದ ಬಿಚ್ಚಿಸ್ಕೊಡಿ. ನಿಮ್ಮ ಬಾಗ್ಲಲ್ಲಿ ಅವರನ್ನ ಕಳಿಸ್ಕೊಡ್ತೀನಿ. ನಾಳೆ ನಾನೇ ಕಟ್ಟಿಸ್ತೀನಿ."

ಶಂಭುಲಿಂಗಪ್ಪ ಅವಳ ಕಡೆ ನೋಡಲಿಲ್ಲ. "ದೇವರಾಜ, ಅವಳಿಗೆ ಯೋಳು. ಅವರ ಪಾಲಿನ ದಾರಿ ಅವರಿಗದೆ. ಪಂಚಾಯ್ತೀಲಿ ಒಪ್ಕೊಂಡೇ ತಕ್ಕೊಂಡದ್ದು."

"ಬದುಕಿರೋ ಗಂಟ ಅದು ಸಾಕಾಯ್ತು ಬಾವ. ಈಗ ಸಾಲ್ತಾ ಇಲ್ಲ."

"ನನ್ನ ಅನ್ನಕ್ಕೆ ಮಣ್ಣಾಕ್ದೋನು ಅವನು. ಅವನಿಗೆ ಮಣ್ಣಾಕಕ್ಕೆ ನಾನು ದಾರಿ ಬಿಡ್ಬೇಕಾ?"

"ಶಂಭಣ್ಣ, ಒಡಹುಟ್ದೋನು" ಎಂದ ದೇವರಾಜು.

"ಗೊತ್ತು ಸುಮ್ಕಿರೋ. ಒಡಹುಟ್ದೋನಲ್ದೆ ಬ್ಯಾರೆಯೋನಾಗಿದ್ರೆ ಅವತ್ತೇ ಕೈಕಾಲು ಮುರೀತಿದ್ದೆ."

ನಯನ ತಾಯಿಯ ತೋಳು ಹಿಡಿದಳು. "ಬಾಮ್ಮ ಅತ್ಲಾಗಿ. ದೊಡ್ಡಪ್ಪನ್ನ ಬೇಡ್ಕೋಬೇಡ. ಅಪ್ಪನ್ನ ಹಿತ್ಲಲ್ಲೇ ಮಣ್ಣು ಮಾಡಾನ."

"ಹಿತ್ಲೆಲ್ಲದೇ? ಬಟ್ಟೆ ಒಗೆಯೋ ಕಲ್ಲೊಂದು ಬಿಟ್ರೆ ಏನದೆ ಅಲ್ಲಿ?"

ಮಹದೇವಯ್ಯನವರು ಮುಂದೆ ಬಂದರು. "ಶಂಭುಲಿಂಗಪ್ಪ, ಹೊತ್ತು ಓಗ್ತಾ ಅದೆ. ನಿಂಗೇನಾಗ್ಬೇಕು, ಬಾಯ್ಬಿಟ್ಟು ಯೋಳು."

ಆ ಪ್ರಶ್ನೆಗೇ ಅಷ್ಟು ವರ್ಷ ಕಾದಿದ್ದವನ ಹಾಗೆ ಶಂಭುಲಿಂಗಪ್ಪ ಎಲೆ ಕೆಳಗಿಟ್ಟ. "ಬುದ್ಧಿ, ನಂಗೇನೂ ಬ್ಯಾಡ. ಒಂದು ಮಾತು. ಆ ಚಿತ್ರದಲ್ಲಿ ಆ ಉಂಡೆ ಇವಳ ಗಂಡ ಕೈಯಾರ ಬರ್ದು ಸೇರಿಸಿದ್ದು, ನನ್ನ ಮಗ ಬರೆದದ್ದಲ್ಲ ಅಂತ ಇವಳು ಈ ಬೀದಿ ಮುಂದೆ ಯೋಳ್ಲಿ. ಗೋಡೆ ನಾನೇ ಬಿಚ್ಚಿಸ್ತೀನಿ."

ನಂಜೇಶ ತಲೆ ತಗ್ಗಿಸಿ ಒಳಕ್ಕೆ ಹೋದ.

* * *

ಗೋಡೆ ಎದ್ದ ಮೇಲೆ ಭಾನುವಾರ ಬಂದರೆ ಬಸವಯ್ಯ ನಯನಳನ್ನು ಗೋಡೆಗೆ ಒರಗಿ ಕೂರಿಸುತ್ತಿದ್ದ.

"ಇವತ್ತಿನ ಹೋಂವರ್ಕು. ಕಣ್ಣು ಮುಚ್ಚು. ಗೋಡೆಯಾಚೆ ಏನು ಸದ್ದಾಗ್ತದೋ ಕೇಳು. ಕೇಳಿದ್ದನ್ನ ಬರಿ. ಪೇಪರ್ ಇಲ್ಲ ಅಂದ್ರೆ ಗೋಡೆ. ಪೆನ್ಸಿಲ್ ಇಲ್ಲ ಅಂದ್ರೆ ಇದ್ದಿಲು."

ಅದನ್ನು ಅವನು ಬೀದಿಗೆಲ್ಲ ಕೇಳುವಂತೆ ಕೂಗಿ ಹೇಳುತ್ತಿದ್ದ. ಚನ್ನಬಸಮ್ಮ ಬಟ್ಟೆ ಒಗೆಯುವ ಕಲ್ಲಿನ ಹತ್ತಿರದಿಂದ ರೇಗುವಳು. "ಮಗು ಪಕ್ಕದಲ್ಲೇ ಕೂತದೆ. ಯಾಕಂಗೆ ಕಿರುಚ್ತೀರಿ?"

"ಸ್ಕೂಲಿನ ಅಭ್ಯಾಸ ಕಣೆ."

ದೊಡ್ಡವಳಾಗುತ್ತ ನಯನ ಬೇಸತ್ತು ಅದನ್ನು ಬಿಟ್ಟಳು. ಆಮೇಲೆ ಮೈಸೂರಿನ ಹಾಸ್ಟೆಲು ಸೇರಿದಳು. ಬಸವಯ್ಯ ಬಿಡಲಿಲ್ಲ. ಭಾನುವಾರ ಬಂದರೆ ಒಬ್ಬನೇ ಗೋಡೆಯೆದುರು ನಿಂತು ಹೇಳುವುದೇ. ಗಂಡನಿಗೆ ಭ್ರಮೆ ಹಿಡಿಯಿತೇನೋ ಎಂದು ಚನ್ನಬಸಮ್ಮ ದೇವರಿಗೆ ಮುಡಿಪು ಕಟ್ಟಿದಳು. ದಿನಾ ಬಸ್ಸಿನಲ್ಲಿ ತಿರುಮಕೂಡಲಿಗೆ ಹೋಗಿ, ಅಂಗಿಯ ತೋಳಿಗೆಲ್ಲ ಇದ್ದಿಲ ಮಸಿ ಮಾಡಿಕೊಂಡು ಬರುವ ಗಂಡನ ಬಟ್ಟೆ ಕುಕ್ಕಿ ಕುಕ್ಕಿ ಅವಳ ರಟ್ಟೆ ಸೋತಿತ್ತು. ಹೋದ ಭಾನುವಾರ ಹೋಂವರ್ಕು ಹೇಳುತ್ತ ಹೇಳುತ್ತ ಕೆಮ್ಮು ಹತ್ತಿ ಮಾತು ಅರ್ಧಕ್ಕೇ ನಿಂತಿತ್ತು. ಅವಳು ಬಿಸಿನೀರು ತಂದು ಕೊಟ್ಟಿದ್ದಳು.

* * *

ಬೀದಿ ಅವಳ ಬಾಯಿಯನ್ನೇ ನೋಡುತ್ತಿತ್ತು.

ಒಂದು ಮಾತು ತಾನೆ, ಎಂದುಕೊಂಡಳು ಚನ್ನಬಸಮ್ಮ. ಕುರ್ಚಿಯಲ್ಲಿ ಕೂತಿರುವವರಿಗೆ ಕೇಳಿಸುವುದಿಲ್ಲ. ಮಾತು ಆಮೇಲೆ ತಿದ್ದಬಹುದು, ಹೆಣ ನಾಳೆಗಿಡುವಂತಿಲ್ಲ. ಆದರೆ ಮಕ್ಕಳು ಬರೆದ ಚಿತ್ರದ ಮೇಲೆ ಬಸವಯ್ಯ ಒಂದು ಗೆರೆಯನ್ನೂ ಎಳೆದವನಲ್ಲ. ಎಳೆದಿದ್ದರೆ ಕೆಲಸ ಎಷ್ಟು ಸುಲಭವಾಗುತ್ತಿತ್ತು ಎಂದು ತಾನೇ ಬೈದಿದ್ದಳು.

"ಅಮ್ಮ, ಯೋಳ್ಬೇಡ" ಎಂದಳು ನಯನ.

"ನೀ ಸುಮ್ನಿರು. ನಿಮ್ಮಪ್ಪನ್ನ ಸಂದೀಲಿ ಸಿಗಾಕಿಸಿ ಇಟ್ಕೊಳಕ್ಕಾಯ್ತದಾ?" ಎಂದು ಜಗಲಿಯ ಕಡೆ ತಿರುಗಿದಳು. "ಕೇಳಿ ಬಾವ. ಆ ಚಿತ್ರದಲ್ಲಿ ನಮ್ಮೋರು..."

ಒಳಗೆ ಧಪ್ಪೆಂದು ಮೂಟೆ ಬಿದ್ದ ಸದ್ದಾಯಿತು. ಇನ್ನೊಂದು ಬಿತ್ತು. ಮತ್ತೊಂದು.

"ಯಾವನ್ಲಾ ಅದು, ಗೋದಾಮ್ನಲ್ಲಿ?" ಶಂಭುಲಿಂಗಪ್ಪ ಒಳಕ್ಕೆ ಧಾವಿಸಿದ. ಬೀದಿಯೂ ಅವನ ಹಿಂದೆ ನುಗ್ಗಿತು.

ಶೀಟಿನ ಕೆಳಗೆ, ಸಾಲಾಗಿ ಪೇರಿಸಿದ್ದ ಮೂಟೆಗಳನ್ನು ನಂಜೇಶ ಎಳೆದೆಳೆದು ಕೆಡವಿದ್ದ. ಅವುಗಳ ಹಿಂದಿನ ಗೋಡೆ ತುಂಬ ಇದ್ದಿಲಿನಲ್ಲಿ ಬರೆದ ಚಿತ್ರಗಳಿದ್ದವು. ಮಂಡಿಯೆತ್ತರದಲ್ಲಿ ಸೊಟ್ಟ ಗೆರೆಗಳು: ಬಾಯಿ ಅಗಲ ತೆರೆದ ಒಬ್ಬ ಮನುಷ್ಯ, ಕಣ್ಣಿಲ್ಲ, ಮೂಗಿಲ್ಲ, ಬಾಯಿ ಮಾತ್ರ. ಸೊಂಟದೆತ್ತರದಲ್ಲಿ ಸೀಟಿ ಹೊಡೆಯುವ ಕುಕ್ಕರು, ಹೆಂಚಿನ ಮೇಲೆ ಕಾಗೆ, ಬಟ್ಟೆ ಕುಕ್ಕುವ ಒಬ್ಬಳು ಹೆಂಗಸು. ಅವಳಿಗೂ ಮುಖವಿರಲಿಲ್ಲ. ಕೈತುಂಬ ದೊಡ್ಡ ದೊಡ್ಡ ಬಳೆಗಳಿದ್ದವು. ಚನ್ನಬಸಮ್ಮ ಬೆಳಿಗ್ಗೆಯಷ್ಟೇ ಬರಿದಾದ ತನ್ನ ಮುಂಗೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಮೇಲೇರಿದಂತೆ ಗೆರೆ ನೆಟ್ಟಗಾಗಿತ್ತು. ಎಲ್ಲಕ್ಕಿಂತ ಮೇಲೆ, ಆಳೆತ್ತರದಲ್ಲಿ, ಇನ್ನೂ ಮಾಸದ ಕಪ್ಪಿನಲ್ಲಿ ಕೆಮ್ಮಿ ಬಾಗಿದ ಒಂದು ಬೆನ್ನು, ಪಕ್ಕದಲ್ಲಿ ನೀರಿನ ಲೋಟ.

"ಯಾರ್ಲಾ ಬರೆದದ್ದು ಇದ?"

"ನಾನೇ." ನಂಜೇಶನ ಕೈಯಲ್ಲಿ ಹಾರೆ ಇತ್ತು.

"ಯಾರು ಯೋಳ್ಕೊಟ್ರು?"

"ಚಿಕ್ಕಪ್ಪ. ಪ್ರತಿ ಭಾನುವಾರ. ನಿಂಗೂ ಕೇಳಿಸ್ತಿತ್ತು."

ಶಂಭುಲಿಂಗಪ್ಪ ಕೈಯೆತ್ತಿದ. ಮಗ ಅವನಿಗಿಂತ ಒಂದು ಗೇಣು ಎತ್ತರವಿದ್ದ. ಎತ್ತಿದ ಕೈ ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಅಲ್ಲೇ ನಿಂತಿತು.

"ಆ ಉಂಡೇನೂ ನಾನೇ ಬರೆದದ್ದು ಅಪ್ಪ. ಚಿಕ್ಕಮ್ಮನ ಬಾಯಲ್ಲಿ ಯಾಕೆ ಸುಳ್ಳಾಡಿಸ್ತೀಯ? ನನ್ನ ಹೊಡ್ದೆಯೇ ಹೊರ್ತು, ನೀನೇ ಬರೆದದ್ದಾ ಅಂತ ಒಂದಿನವಾದ್ರೂ ಕೇಳ್ದ್ಯಾ?"

ಶಂಭುಲಿಂಗಪ್ಪ ಎತ್ತಿದ ಕೈ ಇಳಿಸಿ ಪಂಚೆಗೆ ಒರಸಿಕೊಂಡ.

"ಒಡಿ" ಎಂದ. "ಅಷ್ಟೂ ಒಡಿ. ಒಂದು ಗೆರೆ ಉಳಿಸ್ಬೇಡ. ಆಮೇಲೆ ಈ ಮನೆ ಹೊಸ್ಲು ತುಳೀಬೇಡ."

ನಂಜೇಶ ಹಾರೆ ಹಾಕಿದ. ಗೋಡೆ ಬೀಳಲು ಬಹಳ ಹೊತ್ತು ಹಿಡಿಯಲಿಲ್ಲ. ಇಟ್ಟಿಗೆಯ ನಡುವಿನಿಂದ ಬರೀ ಮರಳು ಉದುರಿತು.

"ಸಿಮೆಂಟಲ್ಲೂ ತೂಕ ಹೊಡ್ದವ್ನೆ ನೋಡಿ ಸಾ ಶಂಭಣ್ಣ" ಎಂದು ದೇವರಾಜು ರಂಗನಾಯಕ ಮೇಷ್ಟ್ರ ಕಿವಿಯಲ್ಲಿ ಹೇಳಿದ್ದು ಎಲ್ಲರಿಗೂ ಕೇಳಿಸಿತು.

ಕುರ್ಚಿ ಬಂತು. ನಂಜೇಶನೂ ಒಂದು ಕೈ ಕೊಟ್ಟ. ಒಡೆದ ಗೋಡೆಯ ಅಂಚು ದಾಟುವಾಗ ಬಸವಯ್ಯನ ಮೊಣಕೈ ಸವರಿ, ಬಿಳಿ ಮಡಿಯ ಮೇಲೆ ಇದ್ದಿಲಿನ ಉದ್ದ ಗೆರೆ ಮೂಡಿತು. ಮಹದೇವಯ್ಯನವರು ವಸ್ತ್ರದ ತುದಿಯಿಂದ ಒರೆಸಹೋದರು.

"ಇರ್ಲಿ ಬಿಡಿ ಬುದ್ಧಿ" ಎಂದಳು ಚನ್ನಬಸಮ್ಮ. "ದಿನಾ ಅಂಗೇ ಬರ್ತಿದ್ದದ್ದು."

ಬಸವಯ್ಯ ಅಣ್ಣನ ಮನೆಯೊಳಗೆ ಹಾದು, ದೊಡ್ಡ ಬಾಗಿಲಿನಿಂದ ಬೀದಿಗಿಳಿದು ವಿಮಾನ ಹತ್ತಿದ. ಶಂಭುಲಿಂಗಪ್ಪ ಹಿಂದೆ ಹೋಗಲಿಲ್ಲ. ಹೆಂಗಸರು ಬೀದಿಯ ತುದಿಯವರೆಗೆ ಹೋಗಿ ನಿಂತರು. ವಿಮಾನ ಹೊಳೆಯ ಕಡೆ ತಿರುಗಿ ಮರೆಯಾಗುವ ತನಕ ನಯನ ನಿಂತೇ ಇದ್ದಳು. ಚನ್ನಬಸಮ್ಮ ಮನೆ ತೊಳೆಯಬೇಕೆಂದು ಮೊದಲೇ ಹೊರಟಳು.

ಸಂದಿಯಿಂದ ಅಂಗಳಕ್ಕೆ ಬಂದರೆ ಗೋಡೆಯ ಜಾಗದಲ್ಲಿ ಬರೀ ಬಯಲು. ಆ ಬಯಲಿನಾಚೆ, ಬಿದ್ದ ಮೂಟೆಗಳ ನಡುವೆ ಶಂಭುಲಿಂಗಪ್ಪ ಕುಕ್ಕರುಗಾಲಲ್ಲಿ ಕೂತಿದ್ದ. ಹೆಜ್ಜೆ ಸಪ್ಪಳ ಕೇಳಿಯೂ ತಲೆ ಎತ್ತಲಿಲ್ಲ. ರಾಶಿಯಿಂದ ಒಂದು ಇಟ್ಟಿಗೆ ತೆಗೆದ. ಅದರ ಮೇಲೆ ಇದ್ದಿಲಿನಲ್ಲಿ ಬರೆದ ಒಂದು ಬಳೆಯ ಅರ್ಧ ಇತ್ತು. ಅದನ್ನು ಕಣ್ಣ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದ. ಆಮೇಲೆ, ತನ್ನ ಅಂಗಡಿಗೆ ಬಂದವರೆಲ್ಲ ಮಾಡುತ್ತಿದ್ದ ಹಾಗೆ, ಮೆಲ್ಲನೆ ಮಗುಚಿ ಅದರ ಅಡಿಯನ್ನು ನೋಡಿದ.