ಉಸಿರಿನ ಗುರುತು

ತರೀಕೆರೆಯ ಮಹಮ್ಮದ್ ಹನೀಫರು ಪೊಲೀಸ್ ಬ್ಯಾಂಡಿನಿಂದ ನಿವೃತ್ತರಾದ ಮೇಲೆ ಊರಲ್ಲೇ ಒಂದು ಮದುವೆ ಬ್ಯಾಂಡ್ ಕಟ್ಟಿ, ಹನ್ನೊಂದು ಜನರಿಗೆ ಸ್ವರಲಿಪಿ ನೋಡಿ ನುಡಿಸುವುದನ್ನು ಕಲಿಸಿದ್ದರು. ಅವರ ಕಾನೂನು ಒಂದೇ: ದಮ್ಮು ಸಾಲದವನು ವಾದ್ಯ ಕೆಳಗಿಡಬೇಕು. ಆ ಕಾನೂನಿನ ಮೇಲೆ ಜೀವದ ಗೆಳೆಯ ರುದ್ರಮೂರ್ತಿಯನ್ನೇ ಮನೆಗೆ ಕಳಿಸಿದ್ದರು.

ಕಳೆದ ತಿಂಗಳು ಶಿವನಿಯ ಮೆರವಣಿಗೆಯಲ್ಲಿ ಹನೀಫರೇ ನಾಲ್ಕು ಸಲ ಕ್ಲಾರಿನೆಟ್ ಇಳಿಸಿ, ಬಾಯಿಗಿಡುವ ರೀಡ್ ಸರಿಯಿಲ್ಲ ಎಂದರು. ರೀಡ್ ಹೊಸದು ಎಂಬುದು ಮಗಳು ಫಿರ್ದೋಸ್‌ಗೆ ಗೊತ್ತಿತ್ತು, ತಂದುಕೊಟ್ಟವಳೇ ಅವಳು. ಕ್ಲಾರಿನೆಟ್ ಬಿಟ್ಟ ಮರುದಿನ ತನ್ನ ಅಬ್ಬಾ ಏನಾಗಿಬಿಡುತ್ತಾರೋ ಎಂಬುದೇ ಅವಳ ಭಯವಾಗಿತ್ತು.

ಬ್ಯಾಂಡಿನ ಹಾಳೆಗಳನ್ನು ಕಂಪ್ಯೂಟರಿನಲ್ಲಿ ಬರೆಯುವುದು ಅವಳ ಕೆಲಸ. ಸಾಫ್ಟ್‌ವೇರಿಗೆ ಜೋರು, ಮೆಲ್ಲಗೆ ಎಂಬುದಷ್ಟೇ ಗೊತ್ತು. ಮದುವೆ ಬ್ಯಾಂಡಿಗೆ ಅಷ್ಟು ಸಾಲದು. ಹಾಗಾಗಿ ಅವಳು ಸ್ವರದ ಮೇಲೆ ‘ಇಲ್ಲಿ ಚರಂಡಿ’, ‘ತಲೆ ಬಗ್ಗಿಸಿ, ಕರೆಂಟ್ ವೈರು’ ಎಂದೂ, ಕೆಳಗೆ ‘ಸೋದರಮಾವ ಕುಣಿಯುತ್ತಿದ್ದರೆ ಇನ್ನೊಂದು ಸಲ’ ಎಂದೂ ಹಾಕುತ್ತಿದ್ದಳು. ಅಕ್ಷರ ಸ್ವರಕ್ಕೆ ತಾಗಿದರೆ ಹನೀಫರು ಹಾಳೆ ವಾಪಸ್ ಕೊಡುತ್ತಿದ್ದರು.

ಅಜ್ಜಂಪುರದ ಮದುವೆಗೆ ಬರೆಯುವಾಗ ಇನ್ನೊಂದು ಗುರುತು ಸೇರಿಸಿದಳು: ಸ್ವರಲಿಪಿಯ ಗೆರೆಗಳ ಮೇಲೆ ಪುಟ್ಟ ಅಲ್ಪವಿರಾಮ. ಇಲ್ಲಿ ಉಸಿರು ತೆಗೆದುಕೊಳ್ಳಿ ಎಂದು ಅದರ ಅರ್ಥ. ಕ್ಲಾರಿನೆಟ್ಟಿಗೆ ಮಾತ್ರ ಹಾಕಿದರೆ ಡಂಗುರ ಸಾರಿದ ಹಾಗೆ. ಎಲ್ಲರೂ ಒಟ್ಟಿಗೆ ನಿಲ್ಲಿಸಿದರೆ ಒಬ್ಬರು ನಿಲ್ಲಿಸಿದ್ದು ಯಾರಿಗೂ ಕಾಣದು. ಎಲ್ಲ ವಾದ್ಯಗಳನ್ನೂ ಒಂದೇ ಸಲ ಆರಿಸಿ, ಒಂಬತ್ತು ಕಡೆ ಗುರುತು ಕೂರಿಸಿ, ತಾನು ಭಾರಿ ಜಾಣೆ ಎಂದುಕೊಂಡು ಮುದ್ರಿಸಿದಳು.

ಶನಿವಾರದ ಅಭ್ಯಾಸದಲ್ಲಿ ಹನೀಫರು ಎಂದಿನಂತೆ ಎಲ್ಲರ ಹಾಳೆ ನೋಡುತ್ತ ಬಂದು, ದೊಡ್ಡ ಡ್ರಮ್ಮಿನ ಸಣ್ಣಬೀರಪ್ಪನ ಹತ್ತಿರ ನಿಂತರು.

“ಡ್ರಮ್ಮಿಗೆ ಯಾಕಮ್ಮ ಉಸಿರು?”

ಡ್ರಮ್ ಬಾರಿಸುವುದು ಕೋಲಿನಿಂದ, ಬಾಯಿಂದಲ್ಲ. ಈ ಸಂಗತಿ ಫಿರ್ದೋಸ್‌ಗೆ ಬುದ್ಧಿ ಬಂದಾಗಿನಿಂದ ಗೊತ್ತಿತ್ತು. ಒಂದು ಸುಳ್ಳಿಗಾಗಿ ತಡಕಾಡಿದಳು, ಸಿಗಲಿಲ್ಲ. ಹನೀಫರು ತಮ್ಮ ಹಾಳೆ ನೋಡಿದರು, ಮತ್ತೆ ಡ್ರಮ್ಮಿನದು ನೋಡಿದರು. ಅವರ ಕಿವಿ ಕೆಂಪಾಯಿತು. ಹೋಗಿ, ಕೈಯಲ್ಲಿದ್ದ ಕ್ಲಾರಿನೆಟ್ ಒಳಗಿಡಲು ಅದರ ಪೆಟ್ಟಿಗೆ ತೆರೆದರು.

“ನಾನೇ ಹೇಳಿ ಹಾಕಿಸ್ದೆ ಮಾಸ್ಟ್ರೇ,” ಎಂದ ಸಣ್ಣಬೀರಪ್ಪ. “ಡ್ರಮ್ ಹೊತ್ಕಂಡು ನಡೀವಾಗ ಏದುಸಿರು ಬತ್ತದೆ. ಹೇಳಕ್ಕೆ ನಾಚ್ಕೆ ಆಯ್ತು.”

ಸಣ್ಣಬೀರಪ್ಪನಿಗೆ ಮೂವತ್ತು ವರ್ಷ. ತೆಂಗಿನಕಾಯಿ ಚೀಲ ಹೊತ್ತು ದಿನವಿಡೀ ಲಾರಿ ತುಂಬುವ ಆಳು. ಉಳಿದವರು ತಮ್ಮ ತಮ್ಮ ಹಾಳೆಗಳನ್ನು ಬಹಳ ಶ್ರದ್ಧೆಯಿಂದ ಓದುತ್ತಿದ್ದರು.

“ನನ್ನ ಕಾನೂನು ಗೊತ್ತಲ್ಲ?”

“ಗೊತ್ತು. ಕಳಿಸ್ಬಿಡ್ತೀರಾ?”

ಹನೀಫರು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಪೆಟ್ಟಿಗೆ ಮುಚ್ಚಿದರು, ಕ್ಲಾರಿನೆಟ್ ಕೈಯಲ್ಲೇ ಇತ್ತು. ತಮ್ಮ ಹಾಳೆಯನ್ನು ಮಗಳ ಮುಂದೆ ಹಿಡಿದು, ಕೊನೆಯ ಉದ್ದ ಸ್ವರದ ಹಿಂದೆ ಬೆರಳಿಟ್ಟರು.

“ಇಲ್ಲೂ ಒಂದು ಹಾಕಮ್ಮ. ಇಲ್ಲಿ ಸಣ್ಣಬೀರಪ್ಪನಿಗೆ ಬಹಳ ಕಷ್ಟ ಆಗ್ತದೆ.”