ಬೆಚ್ಚಗಿದ್ದ ಬಾನೆಟ್

ಹಲ್ಲಿನ ಡಾಕ್ಟರು ನಮಸ್ಕಾರ ಹೇಳುವ ಮೊದಲೇ ಬಾನೆಟ್ಟಿನ ಮೇಲೆ ಅಂಗೈ ಇಟ್ಟರು. ಇಟ್ಟ ಕೈಯನ್ನು ತಕ್ಷಣ ತೆಗೆಯಲಿಲ್ಲ. ಜ್ವರ ನೋಡುವವರಂತೆ ಕಣ್ಣು ಮುಚ್ಚಿ ನಿಂತು, ಆಮೇಲೆ ಪಕ್ಕದಲ್ಲಿದ್ದ ಭಾಮೈದನ ಕಡೆ ತಿರುಗಿದರು.

"ನೀನೊಮ್ಮೆ ಮುಟ್ಟಿ ನೋಡು."

ಭಾಮೈದ ಮುಟ್ಟಿದ. ದಾರಿಯುದ್ದಕ್ಕೂ ಅವನ ಮುಖದಲ್ಲಿದ್ದ ನಗು ಮಾಯವಾಯಿತು.

"ಬಿಸಿ ಇದೆ, ಭಾವ."

ಶೆಡ್ಡಿನ ಬಾಗಿಲಲ್ಲಿ ನಿಂತಿದ್ದ ಫ್ರೇಮಿನವರು ಒಂದು ಹೆಜ್ಜೆ ಮುಂದೆ ಬಂದರು. ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ ಇಟ್ಟುಕೊಂಡಿದ್ದ ಅವರನ್ನು ಬೀದಿಯವರೆಲ್ಲ ಹಾಗೆಯೇ ಕರೆಯುತ್ತಿದ್ದರು. ಹಿಂದಿನ ತನಕ ಚಾವಣಿ ಚಾಚಿಕೊಂಡಿದ್ದ, ಬೆನ್ನಿಗೊಂದು ದೊಡ್ಡ ಬಾಗಿಲಿದ್ದ ಅವರ ಹಳೆಯ ಎಸ್ಟೇಟ್ ಕಾರಿಗೂ ಬೀದಿ ಒಂದು ಹೆಸರು ಕೊಟ್ಟಿತ್ತು: ಬೋಗಿ. ಆಳೆತ್ತರದ ಗಾಜುಗಳು ಅದರ ಹೊಟ್ಟೆಯಲ್ಲಿ ಕಂಬಳಿ ಹೊದ್ದು ಮಲಗಿ, ಒಂದು ಗೀರೂ ಬೀಳದೆ ಊರೆಲ್ಲ ಸುತ್ತಿದ್ದವು.

ಬಾನೆಟ್ ಬಿಸಿಯಾಗಿದೆ ಎಂದರೆ ಏನರ್ಥ ಎಂಬುದು ಹಳೆಯ ಕಾರುಗಳ ಹುಚ್ಚಿರುವ ಯಾರಿಗೂ ಗೊತ್ತು. ತಣ್ಣಗಿರುವ ಇಂಜಿನ್ನು ಸುಳ್ಳು ಹೇಳುವುದಿಲ್ಲ. ಹೊಗೆಯಿದ್ದರೆ ಉಗುಳುತ್ತದೆ, ಸದ್ದಿದ್ದರೆ ಮಾಡುತ್ತದೆ, ಹತ್ತದಿದ್ದರೆ ಹತ್ತುವುದಿಲ್ಲ. ಕೊಳ್ಳುವವರು ಬರುವುದಕ್ಕೆ ಮುಂಚೆ ಅದನ್ನು ಓಡಿಸಿ ಬಿಸಿ ಮಾಡಿಡುವವನು ಏನನ್ನೋ ಮುಚ್ಚಿಡುತ್ತಿದ್ದಾನೆ ಎಂದೇ ಲೆಕ್ಕ.

"ಫೋನಿನಲ್ಲಿ ಹೇಳಿದ್ದೆನಲ್ಲ," ಎಂದರು ಡಾಕ್ಟರು. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಹೆಚ್ಚು ಭಯ ಹುಟ್ಟಿಸುವಂತಿತ್ತು. "ನಾವು ಬರೋವರೆಗೆ ಸ್ಟಾರ್ಟ್ ಮಾಡಬೇಡಿ ಅಂತ."

"ನಾನು ಕೀಲಿ ಕೂಡ ಮುಟ್ಟಿಲ್ಲ ಡಾಕ್ಟ್ರೇ. ಕ್ಷೌರಕ್ಕೆ ಹೋಗಿ ಈಗಷ್ಟೇ ಬಂದೆ. ಬೇಕಾದ್ರೆ ಅಂಗಡಿಯವನನ್ನೇ ಕೇಳಿ."

"ನೀವು ಕ್ಷೌರ ಮಾಡಿಸ್ಕೊಂಡ್ರೆ ಗಾಡಿಗೆ ಬಿಸಿ ಏರುತ್ತಾ?" ಎಂದ ಭಾಮೈದ.

 ಫ್ರೇಮಿನವರು ಬಾಗಿ ತಾವೇ ಬಾನೆಟ್ ಮುಟ್ಟಿದರು. ಬೆಚ್ಚಗಿತ್ತು. ಇಳಿಬಿಸಿಲು ಕೂಡ ಕಾಲಿಡದ ಶೆಡ್ಡು ಅದು.

ಆ ಶೆಡ್ಡು ನಾಳೆ ಬೆಳಿಗ್ಗೆ ಅವರದಾಗಿ ಉಳಿಯುವಂತಿರಲಿಲ್ಲ. ಜಾಗದ ಮಾಲೀಕರು ಕಟ್ಟಡ ಒಡೆಸುತ್ತಿದ್ದರು. ಮನೆಯ ಮುಂದಿನ ಬೀದಿಯಲ್ಲಿ ಸೈಕಲ್ ನಿಲ್ಲಿಸುವುದಕ್ಕೂ ಜಾಗವಿರಲಿಲ್ಲ. ಈ ಇಬ್ಬರು ಒಪ್ಪದಿದ್ದರೆ ನಾಳೆ ಗುಜರಿಯವನ ಕ್ರೇನು ಬಂದು ಬೋಗಿಯನ್ನು ಎತ್ತಿಕೊಂಡು ಹೋಗುವುದೆಂದು ಮಾತಾಗಿತ್ತು. ಗುಜರಿಯವನು ಆಗಲೇ ಒಮ್ಮೆ ಬಂದು, ಬಾಗಿಲು ಬೇರೆ, ಗಾಜು ಬೇರೆ, ಗೇರುಪೆಟ್ಟಿಗೆ ಬೇರೆ ಎಂದು ಕಣ್ಣಲ್ಲೇ ಕತ್ತರಿಸಿ ಹೋಗಿದ್ದ. ಬೋಗಿ ಇಡಿಯಾಗಿ ಉಳಿಯಬೇಕಾದರೆ ಈ ಭಾವ-ಭಾಮೈದರೇ ಗತಿ.

ಇಬ್ಬರೂ ಅದೇ ಕಂಪನಿಯ ಹಳೆಯ ಕಾರುಗಳನ್ನು ಸಾಕುವವರು. ಈ ಉದ್ದನೆಯ ಮಾದರಿಗಾಗಿ ಬಹಳ ವರ್ಷ ಅಲೆದವರು. ಆದರೆ ಅವರಿಗೊಂದು ನಿಯಮವಿತ್ತು. ಮಾರುವವನ ಬಾಯಲ್ಲಿ ಒಂದೇ ಒಂದು ಸುಳ್ಳು ಸಿಕ್ಕರೂ ಅವರು ಗಾಡಿ ಬಿಟ್ಟು ಎದ್ದು ಬರುತ್ತಿದ್ದರು. ಅದನ್ನು ಡಾಕ್ಟರು ಫೋನಿನಲ್ಲೇ ತಿಳಿಸಿದ್ದರು. ಫ್ರೇಮಿನವರು ಆಗ ಹೆಮ್ಮೆಯಿಂದಲೇ ಹೇಳಿದ್ದರು: ಮಂಡಿಯ ಆಪರೇಷನ್ ಆದಮೇಲೆ ಎರಡು ವರ್ಷ ಗಾಡಿ ರಸ್ತೆಗೆ ಇಳಿದಿಲ್ಲ, ಭಾನುವಾರ ನಿಂತಲ್ಲೇ ಸ್ಟಾರ್ಟ್ ಮಾಡಿ ಆರಿಸುತ್ತೇನೆ, ಕೊಂಡ ದಿನದಿಂದ ನನ್ನ ಕೈ ಬಿಟ್ಟು ಇನ್ನೊಂದು ಕೈ ಸ್ಟಿಯರಿಂಗ್ ಹಿಡಿದಿಲ್ಲ.

ಭಾಮೈದ ಈಗ ಮುಂದಿನ ಚಕ್ರದ ಪಕ್ಕ ಕುಕ್ಕುರುಗಾಲಲ್ಲಿ ಕೂತು ಟಾರ್ಚ್ ಬಿಡುತ್ತಿದ್ದ. ಅವನು ಡ್ರೈವಿಂಗ್ ಶಾಲೆಯ ಮೇಷ್ಟ್ರು.

"ಭಾವ, ಇಲ್ಲಿ ನೋಡಿ. ಬ್ರೇಕ್ ಡಿಸ್ಕ್ ತಟ್ಟೆ ಥರ ಹೊಳೀತಿದೆ. ಎರಡು ವರ್ಷ ನಿಂತಿದ್ರೆ ತುಕ್ಕು ಹಿಡಿದು ಕೆಂಪಾಗಿರಬೇಕಿತ್ತು. ಈ ಗಾಡಿ ವಾರ ವಾರ ರೋಡಿಗೆ ಇಳಿದಿದೆ."

"ಅಂದ್ರೆ ಎರಡು ಸುಳ್ಳು," ಎಂದರು ಡಾಕ್ಟರು.

"ನಮ್ಮಕ್ಕನ್ನ ನೋಡೋಕೆ ಬಂದಾಗ ಇಷ್ಟು ಪರೀಕ್ಷೆ ಮಾಡ್ಲಿಲ್ಲ ನೋಡಿ ನೀವು."

"ಮಾಡಿದ್ರೆ ನೀನು ನನಗೆ ಭಾಮೈದ ಆಗ್ತಿರ್ಲಿಲ್ಲ. ಏಳು, ಹೋಗೋಣ."

ಡಾಕ್ಟರು ಅವನ ಕೈಯಿಂದ ಟಾರ್ಚ್ ತೆಗೆದುಕೊಂಡು ಜೇಬಿಗೆ ಹಾಕಿಕೊಂಡರು. ಫ್ರೇಮಿನವರು ಕತ್ತರಿಸಿದ ಕೂದಲಿನ ಚೂರುಗಳು ಅಂಟಿದ್ದ ಕತ್ತನ್ನು ಒರೆಸಿಕೊಳ್ಳುತ್ತ ಅವರ ಹಿಂದೆ ಎರಡು ಹೆಜ್ಜೆ ಇಟ್ಟರು. ಶೆಡ್ಡಿಗೂ ಗಾಡಿಗೂ ಇದ್ದದ್ದು ಎರಡೆರಡೇ ಕೀಲಿ. ಒಂದು ಜೊತೆ ಅವರ ಸೊಂಟದಲ್ಲಿತ್ತು, ಇನ್ನೊಂದು ಅಡುಗೆಮನೆಯ ಮೊಳೆಯಲ್ಲಿ. ಕಳ್ಳ ಬಂದಿದ್ದರೆ ಗಾಡಿಯನ್ನು ಮರಳಿ ತಂದು ನಿಲ್ಲಿಸಿ, ಹೊದಿಕೆ ಹೊದಿಸಿ ಹೋಗುತ್ತಿದ್ದನೇ?

ಅಷ್ಟರಲ್ಲಿ ಅವರ ಹೆಂಡತಿ ಚಹಾದ ತಟ್ಟೆ ಹಿಡಿದು ಓಣಿಯಿಂದ ಬಂದರು. ಅವರು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವರು. ಮಧ್ಯಾಹ್ನದ ಪಾಳಿಗೆ ಹೊರಡಲು ಸಿದ್ಧರಾಗಿದ್ದರು. ಒಳಗಿನವರ ಮುಖ ಕಂಡು ಹೊಸ್ತಿಲಲ್ಲೇ ನಿಂತರು.

"ಚಹಾ ಬೇಡಮ್ಮ," ಎಂದರು ಡಾಕ್ಟರು. "ನಾವು ಹೊರಟ್ವಿ. ನಿಮ್ಮ ಯಜಮಾನ್ರು ನಮ್ಮ ಹತ್ರ ನಿಜ ಹೇಳಿಲ್ಲ."

"ಏನು ಹೇಳಿಲ್ಲ?"

"ಗಾಡಿ ಓಡಿಸಿ ಬಿಸಿ ಮಾಡಿಟ್ಟು, ಮುಟ್ಟೇ ಇಲ್ಲ ಅಂತಾರೆ."

ಆಕೆ ಗಂಡನ ಮುಖ ನೋಡಿದರು. ಗಂಡ ನೆಲ ನೋಡುತ್ತಿದ್ದರು.  ಬಾಯಿಗೆ ಬೀಗ ಹಾಕಿಕೊಂಡು ನಿಂತರೆ ಈ ಇಬ್ಬರು ಹೊರಟುಹೋಗುತ್ತಾರೆ, ನಾಳೆ ಕ್ರೇನು ಬರುತ್ತದೆ, ತನ್ನ ಗುಟ್ಟು ಮಾತ್ರ ತನ್ನಲ್ಲೇ ಉಳಿಯುತ್ತದೆ. ಆಕೆ ತಟ್ಟೆಯನ್ನು ಗಾಡಿಯ ಚಾವಣಿಯ ಮೇಲಿಟ್ಟರು.

"ಅವರು ಓಡಿಸಿಲ್ಲ. ನಾನು ಓಡಿಸಿದ್ದು."

ಫ್ರೇಮಿನವರು ತಲೆ ಎತ್ತಿದರು. "ನೀನಾ?"

"ಹೂಂ."

"ನಿನಗೆಲ್ಲಿ ಬರುತ್ತೆ? ಮದುವೆಯಾದ ಹೊಸದರಲ್ಲಿ ಇದಕ್ಕೆ ಮುಂಚಿನ ಕಾರನ್ನ ಕಂಬಕ್ಕೆ ತಾಗಿಸಿದೆಯಲ್ಲ!"

"ಒಂದು ಸಲ ತಾಗಿಸಿದೆ. ಅವತ್ತು ಕೀಲಿ ಕಿತ್ಕೊಂಡ್ರಿ. ನಿಮಗೆ ಆಪರೇಷನ್ ಆದ್ಮೇಲೆ ಇದರ ಕೀಲಿ ಮೊಳೆಗೆ ಬಂತು." ಆಕೆ ಡಾಕ್ಟರ ಕಡೆ ತಿರುಗಿದರು. "ಇವರು ಪ್ರತಿ ಗುರುವಾರ ಬಾಡಿಗೆ ವ್ಯಾನಿನಲ್ಲಿ ಗಾಜು ತರೋಕೆ ಹೋಗ್ತಾರೆ. ಆವಾಗ ನಾನು ತೆಗೀತೀನಿ. ಇವತ್ತು ಗುರುವಾರ ಅಲ್ಲ. ಆದ್ರೂ ಕೊನೇ ದಿನ ಅಂತ, ಇವರು ಕ್ಷೌರಕ್ಕೆ ಹೋದಾಗ ತೆಗೆದೆ. ತಣ್ಣಗಿರಬೇಕು ಅಂತ ನೀವು ಹೇಳಿದ್ದು ನನಗೆ ಗೊತ್ತಿರಲಿಲ್ಲ."

"ಪೆಟ್ರೋಲು?" ಎಂದರು ಗಂಡ. ಕೇಳಬೇಕಾದ ಪ್ರಶ್ನೆ ಅದಲ್ಲವೆಂದು ಅವರಿಗೇ ಅನ್ನಿಸಿರಬೇಕು. ಆದರೂ ಅದೇ ಬಾಯಿಗೆ ಬಂತು.

"ಎಷ್ಟು ಖರ್ಚೋ ಅಷ್ಟು ತುಂಬಿಸಿಡ್ತಿದ್ದೆ. ಸೀಟನ್ನೂ ಮತ್ತೆ ನಿಮ್ಮ ಅಳತೆಗೆ ಹಿಂದಕ್ಕೆ ತಳ್ಳಿಡ್ತಿದ್ದೆ. ಕಿಲೋಮೀಟರ್ ಮೀಟರು ಕೆಟ್ಟು ಯಾವ ಕಾಲವಾಯ್ತು, ನಿಮಗೇ ಗೊತ್ತು."

ಭಾಮೈದ ಬಾಯಿಗೆ ಕೈ ಅಡ್ಡ ಹಿಡಿದುಕೊಂಡ. ಡಾಕ್ಟರಿಗೆ ಮಾತ್ರ ನಗು ಬರಲಿಲ್ಲ.

"ಹಾಗಾದ್ರೆ ಒಂದೇ ಕೈ ಓಡಿಸಿದ ಗಾಡಿ ಅನ್ನೋದೂ ಸುಳ್ಳು."

"ಗೊತ್ತಿಲ್ಲದೆ ಹೇಳಿದ್ದು ಸುಳ್ಳು ಹೇಗಾಗುತ್ತೆ, ಭಾವ?" ಎಂದ ಭಾಮೈದ. "ತಪ್ಪು ಅನ್ನಿ. ನಮ್ಮ ನಿಯಮದಲ್ಲಿ ತಪ್ಪಿಗೆ ಶಿಕ್ಷೆ ಇಲ್ಲ."

ಡಾಕ್ಟರು ಬಹಳ ಹೊತ್ತು ಗಾಡಿಯನ್ನೂ ಆಕೆಯನ್ನೂ ಬಾರಿ ಬಾರಿಗೆ ನೋಡಿದರು. ಗಂಡ-ಹೆಂಡತಿ ಸೇರಿ ಕಟ್ಟಿದ ಕಥೆಯೂ ಆಗಿರಬಹುದು. ಕೊನೆಗೆ ಕೀಲಿಗಾಗಿ ಫ್ರೇಮಿನವರತ್ತ ಕೈ ಚಾಚಿ, ಅದನ್ನು ತಂದು ಆಕೆಯ ಅಂಗೈಯಲ್ಲಿಟ್ಟರು.

"ಓಡಿಸಿ ತೋರಿಸಿ. ನಾವಿಬ್ಬರೂ ಕೂತ್ಕೋತೀವಿ. ಯಜಮಾನ್ರೇ, ನೀವು ಇಲ್ಲೇ ಇರಿ. ಸಾಕ್ಷಿಗಳನ್ನ ಬೇರೆ ಬೇರೆ ವಿಚಾರಿಸಬೇಕು."

ಚಹಾದ ತಟ್ಟೆ ಕೆಳಗಿಳಿಯಿತು. ಬೋಗಿ ಒಂದೇ ಸಲಕ್ಕೆ ಹತ್ತಿಕೊಂಡಿತು. ಆಕೆ ಕನ್ನಡಿ ಸರಿಮಾಡಿ, ಆ ಉದ್ದನೆಯ ದೇಹವನ್ನು ಇಕ್ಕಟ್ಟಾದ ಬಾಗಿಲಿನಿಂದ ಹಿಮ್ಮುಖವಾಗಿ ಹೊರಗೆ ತೆಗೆದರು. ಎರಡೂ ಕಡೆ ಗೋಡೆಗೂ ಗಾಡಿಗೂ ನಡುವೆ ಒಂದು ಅಂಗೈಯ ಜಾಗ. ಆ ಬಾಗಿಲಿನಲ್ಲಿ ಫ್ರೇಮಿನವರು ಪ್ರತಿ ಸಲವೂ ಇಳಿದು ನೋಡಿ, ಮತ್ತೆ ಹತ್ತಿ ತೆಗೆಯುತ್ತಿದ್ದರು. ಆಕೆ ಇಳಿಯಲಿಲ್ಲ.

ಸದ್ದು ಓಣಿಯ ತಿರುವಿನಲ್ಲಿ ಅಡಗಿತು. ಅದೇ ಹೊತ್ತಿಗೆ ಫೋನು ಬಡಿದುಕೊಂಡಿತು. ಗುಜರಿಯವನು.

"ಏನ್ ಸಾರ್, ನಾಳೆ ಬೆಳಿಗ್ಗೆಗೆ ಗ್ಯಾರಂಟಿನಾ? ಕ್ರೇನನ್ನ ಇನ್ನೊಬ್ಬರು ಕೇಳ್ತಿದಾರೆ. ಈಗಲೇ ಹೇಳಿಬಿಡಿ. ಆಮೇಲೆ ಈ ವಾರವೆಲ್ಲ ಕೈ ಖಾಲಿ ಇಲ್ಲ."

"ಅರ್ಧ ಗಂಟೆ ಬಿಟ್ಟು ಹೇಳ್ತೀನಿ."

"ಆಗಲ್ಲ ಸಾರ್. ಹೂಂ ಅಂದ್ರೆ ಹೂಂ, ಊಹೂಂ ಅಂದ್ರೆ ಊಹೂಂ."

ಫ್ರೇಮಿನವರು ಖಾಲಿ ಶೆಡ್ಡನ್ನು ನೋಡಿದರು. ಹೂಂ ಎಂದರೆ ಜಾಗವಂತೂ ತೆರವಾಗುತ್ತದೆ. ಊಹೂಂ ಎಂದು, ಅತ್ತ ಡಾಕ್ಟರೂ ಕೈಕೊಟ್ಟರೆ, ನಾಳೆ ಗಾಡಿ ಬೀದಿಪಾಲು. ಎರಡು ವರ್ಷ ಹೆಂಡತಿ ಏನು ಮಾಡುತ್ತಿದ್ದಳೆಂದು ತಿಳಿಯದ ಮನುಷ್ಯ ಇನ್ನು ಅರ್ಧ ಗಂಟೆಯಲ್ಲಿ ಏನಾಗುತ್ತದೆಂದು ಹೇಗೆ ಹೇಳಿಯಾನು? ಆದರೆ ಆಕೆ ಬಾಗಿಲಿನಿಂದ ಗಾಡಿ ತೆಗೆದದ್ದನ್ನು ಅವರು ಈಗಷ್ಟೇ ಕಂಡಿದ್ದರು.

"ಬೇಡ," ಎಂದರು. "ಕ್ರೇನು ಬೇಡ."

ಆಮೇಲೆ ಕಾಯುವುದೊಂದೇ ಉಳಿಯಿತು. ಅರ್ಧ ಗಂಟೆ ಕಳೆಯಿತು, ಬೋಗಿ ಬರಲಿಲ್ಲ. ಚಹಾ ಕೆನೆಗಟ್ಟಿತು. ಫ್ರೇಮಿನವರು ಓಣಿಯ ತುದಿಗೆ ಹೋಗಿ ಬಂದರು, ಮತ್ತೆ ಹೋದರು. ನಡುದಾರಿಯಲ್ಲಿ ಕೆಟ್ಟು ನಿಂತಿತೇ? ಎಲ್ಲಾದರೂ ತಗುಲಿತೇ? ಮಂಡಿ ನೋಯತೊಡಗಿದಾಗ ಶೆಡ್ಡಿನ ಗೋಡೆಗೆ ಒರಗಿ ಕೂತರು.

ಬೋಗಿ ಬಂದಾಗ ಒಳಗಿನಿಂದ ನಗು ಕೇಳಿಸುತ್ತಿತ್ತು. ನಗುತ್ತಿದ್ದವರು ಡಾಕ್ಟರು.

"ಯಜಮಾನ್ರೇ, ಇಳಿಜಾರಿನಲ್ಲಿ ಎರಡನೇ ಗೇರು ಜಾರುತ್ತೆ ಅಂತ ಗೊತ್ತಾ ನಿಮಗೆ?"

"ಇಲ್ಲ."

"ಮಳೆ ಬಂದ್ರೆ ಹಿಂದಿನ ಬಾಗಿಲ ಮೂಲೆಯಿಂದ ನೀರು ಒಳಗೆ ಬರುತ್ತೆ. ಜೋರಾಗಿ ಬ್ರೇಕ್ ಹಾಕಿದ್ರೆ ಗಾಡಿ ಎಡಕ್ಕೆ ಎಳೆಯುತ್ತೆ. ತಣ್ಣಗಿದ್ದಾಗ ಎರಡು ಸಲ ಕೆಮ್ಮಿ ಆಮೇಲೆ ಹಿಡಿಯುತ್ತೆ. ನಾವು ಕೇಳೇ ಇಲ್ಲ, ಎಲ್ಲಾ ಇವರೇ ಹೇಳಿದ್ರು."

ಫ್ರೇಮಿನವರು ಹೆಂಡತಿಯ ಕಡೆ ತಿರುಗಿದರು. "ಮಾರೋಕೆ ಹೋಗಿದ್ಯೋ, ಚಾಡಿ ಹೇಳೋಕೋ?"

"ಅಡ್ಡಪರಿಣಾಮ ಹೇಳದೆ ಮದ್ದು ಕೊಟ್ಟು ನನಗೆ ಅಭ್ಯಾಸ ಇಲ್ಲ ರೀ."

ಡಾಕ್ಟರು ಇಳಿದು, ಗಾಡಿಯ ಚಾವಣಿಯನ್ನು ಒಮ್ಮೆ ಸವರಿದರು. "ನಿಂತ ಗಾಡಿ ಹಲ್ಲುಜ್ಜದ ಬಾಯಿ ಇದ್ದಂಗೆ. ಹೊರಗೆ ಎಷ್ಟು ಒರೆಸಿದ್ರೂ ಒಳಗೆ ಕೊಳೆಯುತ್ತೆ. ನೀವು ಹೇಳಿದ ಹಾಗೆ ಇದು ಎರಡು ವರ್ಷ ನಿಂತಿದ್ರೆ, ಇವತ್ತು ನಾನು ಮುಟ್ಟುತ್ತಿರಲಿಲ್ಲ. ನಾವು ತಗೋತೀವಿ."

"ಹೇಳಿದ ಬೆಲೆಗೇನಾ?" ಎಂದು ಫ್ರೇಮಿನವರು ಕೇಳಿದರು.

"ಗೇರಿನ ರಿಪೇರಿ ಖರ್ಚು ಕಳೆದು," ಎಂದ ಭಾಮೈದ. "ಭಾವನ ಹತ್ರ ಹಲ್ಲು ಕೀಳಿಸಿಕೊಂಡು ಯಾರೂ ಲಾಭ ಮಾಡಿಲ್ಲ."

ಕಾಗದಗಳಿಗೆ ಸಹಿ ಬಿತ್ತು. ತಣ್ಣಗಾದ ಚಹಾವನ್ನೇ ಎಲ್ಲರೂ ಕುಡಿದರು. ಭಾಮೈದ ಸ್ಟಿಯರಿಂಗ್ ಹಿಂದೆ ಕೂತ. ಡಾಕ್ಟರು ತಮ್ಮ ಗಾಡಿಯಲ್ಲಿ ಮುಂದೆ ಹೊರಟರು. ಓಣಿಯ ತಿರುವಿನಲ್ಲಿ ಬೋಗಿ ಒಮ್ಮೆ ಜಗ್ಗಿ ನಿಂತುಬಿಟ್ಟಿತು.

"ಕ್ಲಚ್ಚನ್ನ ಇನ್ನೂ ನಿಧಾನಕ್ಕೆ ಬಿಡಿ!" ಎಂದು ಆಕೆ ಕೂಗಿದರು. ಡ್ರೈವಿಂಗ್ ಮೇಷ್ಟ್ರು ಕಿಟಕಿಯಿಂದ ಕೈ ಹೊರಗೆ ಹಾಕಿ ಸಲಾಮು ಹೊಡೆದ. ಗಾಡಿ ಮತ್ತೆ ಹತ್ತಿಕೊಂಡು ಕಣ್ಣಿಗೆ ಮರೆಯಾಯಿತು.

ಪಾಳಿಗೆ ತಡವಾಗಿತ್ತು. ಆದರೂ ಆಕೆ ಹೊರಡಲಿಲ್ಲ. ಎಣ್ಣೆಯ ಕಲೆಯಷ್ಟೇ ಉಳಿದಿದ್ದ ನೆಲವನ್ನು ನೋಡುತ್ತ ಇಬ್ಬರೂ ನಿಂತರು.

"ಗುರುವಾರ ಎಲ್ಲಿಗೆ ಹೋಗ್ತಿದ್ದೆ?"

"ಊರಾಚೆ, ಬಸ್ಸುಗಳನ್ನ ತಿರುಗಿಸಿಕೊಳ್ಳೋ ಬಯಲಿದೆಯಲ್ಲ, ಅಲ್ಲಿವರೆಗೆ. ಒಂದು ಸುತ್ತು ಹಾಕಿ ವಾಪಸ್."

"ಅಲ್ಲಿ ಏನಿದೆ?"

"ಏನೂ ಇಲ್ಲ."

ಫ್ರೇಮಿನವರು ಎಣ್ಣೆಯ ಕಲೆಯನ್ನು ಚಪ್ಪಲಿಯಿಂದ ಉಜ್ಜಿದರು. "ಒಂದು ದಿನ ನನ್ನನ್ನೂ ಕರ್ಕೊಂಡು ಹೋಗಬಹುದಿತ್ತಲ್ಲ?"

"ನೀವು ಬಂದಿದ್ರೆ ನೀವೇ ಓಡಿಸ್ತಿದ್ರಿ," ಎಂದು ಆಕೆ ಚೀಲ ಹೆಗಲಿಗೇರಿಸಿಕೊಂಡು ಬಸ್ಸಿನ ನಿಲ್ದಾಣದ ಕಡೆ ನಡೆದರು.